ಅಮ್ಮನಲ್ಲೂ ಅದೇ ಜೀನ್, ಆಸ್ತಮಾ ಮಾತ್ರ ಮಗನಿಗೆ: ಒಂದು ಆಪ್ತಸಲಹೆ ಪ್ರಕರಣ

ಹೆಸರು ಬದಲಿಸಿದ್ದೇನೆ, ಗುರುತು ಹತ್ತುವ ವಿವರಗಳನ್ನು ಬಿಟ್ಟಿದ್ದೇನೆ. ತಾಯಿಯನ್ನು ಸುಧಾ ಅನ್ನೋಣ. ಆರು ವರ್ಷದ ಮಗನಿಗೆ ಆಸ್ತಮಾ. ಸುಧಾ ಈಗ ಮತ್ತೆ ಬಸುರಿ. ಮಗನದ್ದೂ ತನ್ನದೂ ಜೀನ್ ಪರೀಕ್ಷೆ ಮಾಡಿಸಿ, ರಿಪೋರ್ಟ್ ಕೈಗೆ ಬಂದ ಮೇಲೆ ಮನೆಯಲ್ಲಿ ಮಾತಿನ ಧಾಟಿಯೇ ಬದಲಾಗಿದೆ. "ಇದು ನಿನ್ನ ಕಡೆಯಿಂದಲೇ ಬಂದಿದ್ದು" ಅಂತ ಅತ್ತೆ ಒಂದು ಸಲ ಅಂದರಂತೆ, ಅದು ಆಕೆಯ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಗಂಡನದ್ದು ಬೇರೆಯೇ ಲೆಕ್ಕ. "ಜೀನಲ್ಲೇ ಇದೆ ಅಂದ್ಮೇಲೆ ದಿನಾ ಇನ್ಹೇಲರ್ ಕೊಟ್ಟು ಏನು ಪ್ರಯೋಜನ ಮೇಡಂ?"

ಹಾಗಂದುಕೊಂಡು ಪ್ರಿವೆಂಟರ್ ಇನ್ಹೇಲರ್ ನಿಲ್ಲಿಸಿಯೇ ಬಿಟ್ಟಿದ್ದರು. ಉಬ್ಬಸ ಬಂದಾಗ ರಿಲೀವರ್ ಮಾತ್ರ.

ರಿಪೋರ್ಟ್ ಪಕ್ಕಕ್ಕಿಟ್ಟು ನಾನು ಮೊದಲು ಇದನ್ನೇ ಮಾತಾಡಿದೆ. ರಿಲೀವರ್ ಬಿಗಿಯಾದ ಉಸಿರುನಾಳವನ್ನು ಆ ಹೊತ್ತಿಗೆ ಸಡಿಲ ಮಾಡುತ್ತೆ, ಅಷ್ಟೇ. ಒಳಗಿನ ಉರಿಯೂತ ಹಾಗೇ ಉಳಿಯುತ್ತೆ. ಅದನ್ನು ತಗ್ಗಿಸೋದು ದಿನಾ ತಗೊಳ್ಳುವ ಸ್ಟೀರಾಯ್ಡ್ ಪ್ರಿವೆಂಟರ್. ಉರಿಯೂತ ಯಾವ ದಾರಿಯಲ್ಲಿ ಶುರುವಾಯ್ತು ಅನ್ನೋದಕ್ಕೂ ಔಷಧಿ ಕೆಲಸ ಮಾಡೋದಕ್ಕೂ ಇಲ್ಲಿ ಸಂಬಂಧ ಇಲ್ಲ. ಇವತ್ತೇ ಮಗುವಿನ ಡಾಕ್ಟರ ಹತ್ತಿರ ಮಾತಾಡಿ ಮತ್ತೆ ಶುರು ಮಾಡಿ, ನಾಳೆಗೆ ಇಟ್ಕೋಬೇಡಿ ಅಂದೆ.

ಆಮೇಲೆ ರಿಪೋರ್ಟ್. ಅದರಲ್ಲಿ ಎರಡು ಸಂಗತಿ ಇದ್ದವು. ಒಂದು, ಫಿಲಾಗ್ರಿನ್ ಎಂಬ ಜೀನಿನ ಎರಡು ಪ್ರತಿಗಳಲ್ಲಿ (ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತೆ) ಒಂದರಲ್ಲಿ ಅಪರೂಪದ ಬದಲಾವಣೆ. ಆ ಪ್ರತಿಯಿಂದ ಪ್ರೋಟೀನ್ ಪೂರ್ತಿ ತಯಾರಾಗೋದೇ ಇಲ್ಲ. ಇನ್ನೊಂದು ಬೇರೆ ಜೀನಿನಲ್ಲಿದ್ದ ಬದಲಾವಣೆ, ಅದರ ಎದುರು "ಅರ್ಥ ಖಚಿತವಿಲ್ಲ" ಅಂತ ಬರೆದಿತ್ತು. ಸುಧಾಗೆ ನಿದ್ದೆ ಕೆಡಿಸಿದ್ದು ಈ ಎರಡನೆಯದು. ಆದರೆ ಆ ಸಾಲಿಗೆ "ಕೆಟ್ಟದ್ದು ಅಂತ ಹೇಳೋಕೂ ಆಗಲ್ಲ, ಒಳ್ಳೇದು ಅಂತ ಹೇಳೋಕೂ ಆಗಲ್ಲ" ಎನ್ನುವುದಕ್ಕಿಂತ ಜಾಸ್ತಿ ಅರ್ಥ ಇಲ್ಲ. ನಮ್ಮೆಲ್ಲರಲ್ಲೂ ಇಂಥ ಅಪರೂಪದ ಬದಲಾವಣೆಗಳು ಬೇಕಾದಷ್ಟಿವೆ. ಅದರ ಮೇಲೆ ಯಾವ ನಿರ್ಧಾರವನ್ನೂ ಮಾಡಬಾರದು. ಮುಂದೆ ಮಾಹಿತಿ ಬೆಳೆದ ಹಾಗೆ ಲ್ಯಾಬ್‌ನವರೇ ಅದನ್ನು ಬೇರೆ ಪಟ್ಟಿಗೆ ಸೇರಿಸಬಹುದು.

ಫಿಲಾಗ್ರಿನ್ ವಿಷಯ ಹಾಗಲ್ಲ, ಅದರ ಬಗ್ಗೆ ಸಾಕಷ್ಟು ಗೊತ್ತಿದೆ. "ಅಂಗೈ ತೋರಿಸಿ" ಅಂದೆ. ಸುಧಾಗೆ ಆಶ್ಚರ್ಯ. ಅಂಗೈಯಲ್ಲಿ ಗೆರೆಗಳು ಒತ್ತೊತ್ತಾಗಿ, ಆಳವಾಗಿದ್ದವು. ಮಗನ ಅಂಗೈಯೂ ಹಾಗೇ. ಫಿಲಾಗ್ರಿನ್ ಕಡಿಮೆ ಇರುವವರಲ್ಲಿ ಇದು, ಒಣ ಚರ್ಮ, ಇಸುಬು ಸಾಮಾನ್ಯವಾಗಿ ಕಾಣುತ್ತೆ. ಈ ಪ್ರೋಟೀನ್ ಚರ್ಮದ ಹೊರಪದರವನ್ನು ಗಟ್ಟಿ ಹಿಡಿಯುತ್ತೆ, ತೇವ ಉಳಿಸುತ್ತೆ. ಅದು ಸಾಲದಿದ್ದರೆ ಚರ್ಮ ಗಾರೆ ಉದುರಿದ ಗೋಡೆಯ ಹಾಗೆ. ಧೂಳುಹುಳದ ಚೂರು, ಇನ್ನಿತರ ಅಲರ್ಜಿಕಾರಕ ವಸ್ತುಗಳು ಸಂದಿಯಲ್ಲಿ ಒಳಗೆ ಹೋಗಿ ಮೈಯ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತವೆ. ಮುಂದೆ ಅದೇ ವಸ್ತು ಉಸಿರಿನಲ್ಲಿ ಹೋದಾಗ ಶ್ವಾಸನಾಳ ಕೆರಳುತ್ತೆ. ವಿಚಿತ್ರ ಏನಂದ್ರೆ, ಶ್ವಾಸನಾಳದಲ್ಲಿ ಫಿಲಾಗ್ರಿನ್ ಕೆಲಸವೇ ಇಲ್ಲ. ಆಸ್ತಮಾದ ಅಪಾಯ ಚರ್ಮದ ದಾರಿಯಲ್ಲಿ ಬರುತ್ತೆ. ಅದಕ್ಕೇ ಈ ಬದಲಾವಣೆಯಿಂದ ಆಸ್ತಮಾ ಅಪಾಯ ಹೆಚ್ಚೋದು ಮುಖ್ಯವಾಗಿ ಇಸುಬು ಇದ್ದವರಲ್ಲಿ. ಇದು ಬೆಳಕಿಗೆ ಬಂದಿದ್ದು 2006ರಲ್ಲಿ.

"ಹಾಗಾದ್ರೆ ನನ್ನಿಂದಲೇ ಬಂತಲ್ಲ ಮೇಡಂ" ಅಂದರು ಸುಧಾ.

ಹೌದು, ಆ ಪ್ರತಿ ನಿಮ್ಮಿಂದಲೇ ಹೋಗಿದೆ. ಸುಳ್ಳು ಸಮಾಧಾನ ಹೇಳೋದು ನನಗೆ ಇಷ್ಟವಿಲ್ಲ. "ಆದ್ರೆ ನಿಮಗೆ ಆಸ್ತಮಾ ಇದೆಯಾ?" ಅಂತ ಕೇಳಿದೆ. ಇಲ್ಲ. ಚಿಕ್ಕವಳಿದ್ದಾಗ ಮೊಣಕೈ ಮಡಿಕೆಯಲ್ಲಿ ಇಸುಬು ಇತ್ತು, ಅದೂ ಹೋಯ್ತು. ನೋಡಿ, ಅದೇ ಜೀನ್, ಅದೇ ಬದಲಾವಣೆ, ನಿಮಗೆ ಒಂದು ದಿನವೂ ಉಬ್ಬಸ ಬಂದಿಲ್ಲ. ಆಸ್ತಮಾ ಒಂದೇ ಜೀನಿನ ಕಾಯಿಲೆ ಅಲ್ಲ. ಸಣ್ಣ ಸಣ್ಣ ಪ್ರಭಾವದ ಜೀನ್‌ಗಳು ತುಂಬಾ ಇವೆ, ಅವು ತಂದೆಯಿಂದಲೂ ಬಂದಿರುತ್ತವೆ. ವೈರಸ್ ಸೋಂಕು, ಧೂಳು, ಹೊಗೆ ಬೇರೆ. ಜೀನ್‌ಗಳೆಲ್ಲ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗಿದ್ದು ಇನ್ನೊಬ್ಬರಿಗೆ ಇಲ್ಲದೆ ಇರೋದುಂಟು. ಅಪರೂಪದ್ದೆಲ್ಲ ಕೆಟ್ಟದ್ದೇ ಆಗಬೇಕಿಲ್ಲ ಅನ್ನೋದನ್ನೂ ಹೇಳಿದೆ. ಐಸ್‌ಲ್ಯಾಂಡ್‌ನವರ ಮೇಲಿನ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯ್ತು. ಅಲರ್ಜಿಯ ಉರಿಯೂತವನ್ನು ಕೆರಳಿಸುವ ಪ್ರೋಟೀನ್ ತಯಾರಿಸುವ ಐಎಲ್-33 ಎಂಬ ಜೀನಿನ ಒಂದು ಪ್ರತಿಯನ್ನು ಕೆಡಿಸುವ ಅಪರೂಪದ ಬದಲಾವಣೆ ಇರುವವರಿಗೆ ಆಸ್ತಮಾ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ಸುಧಾ "50 ಪರ್ಸೆಂಟ್" ಅಂತ ಓದಿಕೊಂಡು ಬಂದಿದ್ದರು. ಅದು ಆ ಪ್ರತಿ ಮಗುವಿಗೆ ಹೋಗುವ ಸಾಧ್ಯತೆ, ಆಸ್ತಮಾ ಬರುವ ಸಾಧ್ಯತೆ ಅಲ್ಲ. ಇದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ, ಅತ್ತೆಗೂ ತೋರಿಸಿ ಅಂದೆ.

ಗಂಡ ಸಿಗರೇಟು ಸೇದುತ್ತಾರೆ, ಹೊರಗೆ ನಿಂತು. ಕೇಳಿದ ಮೇಲೇ ಬಾಯಿಬಿಟ್ಟಿದ್ದು. ಹೊರಗೆ ಸೇದಿದರೂ ಬಟ್ಟೆ, ಉಸಿರಲ್ಲಿ ಹೊಗೆ ಒಳಗೆ ಬರುತ್ತೆ. ಬಸುರಿಯ ಸುತ್ತ ಹೊಗೆ ಇದ್ದರೆ ಹುಟ್ಟುವ ಮಗುವಿಗೂ ಉಬ್ಬಸದ ಅಪಾಯ ಹೆಚ್ಚು. ಜೀನ್ ಬದಲಿಸೋಕೆ ನಮ್ಮ ಕೈಲಿ ಆಗಲ್ಲ, ಇದು ಆಗುತ್ತೆ, ಇದು ನಿಮ್ಮ ಪಾಲಿನ ಕೆಲಸ ಅಂತ ನೇರವಾಗಿಯೇ ಹೇಳಿದೆ. ಸಿಗರೇಟು ಬಿಡಿಸುವ ಚಿಕಿತ್ಸೆಗೆ ಹೋಗಲು ಒಪ್ಪಿದ್ದಾರೆ.

ಹುಟ್ಟಿದ ದಿನದಿಂದ ಚರ್ಮದ ತೇವ ಉಳಿಸುವ ಕ್ರೀಮ್ ಹಚ್ಚಿದರೆ ಇಸುಬು ತಡೆಯಬಹುದಾ ಅಂತ ಸುಧಾ ಕೇಳಿದರು. ಒಳ್ಳೆಯ ಪ್ರಶ್ನೆ. 2020ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ ಹಾಗೆ ಮುಂಚಿತವಾಗಿ ಹಚ್ಚಿದ್ದರಿಂದ ಇಸುಬು ಕಡಿಮೆಯಾಗಿದ್ದು ಕಾಣಲಿಲ್ಲ. ಇಸುಬು ಶುರುವಾದರೆ ತಡಮಾಡದೆ ಚಿಕಿತ್ಸೆ ಕೊಡಿಸಿ. ಹುಟ್ಟಿದ ಕೂಡಲೇ ಜೀನ್ ಪರೀಕ್ಷೆ ಬೇಡ ಅಂದೆ. ಫಲಿತಾಂಶ ಏನೇ ಬಂದರೂ ಮಾಡಬೇಕಾದ್ದು ಅದೇ: ಚರ್ಮ ನೋಡ್ಕೊಳ್ಳೋದು, ಮನೆಗೆ ಹೊಗೆ ಬಿಡದಿರೋದು, ಕೆಮ್ಮು ಉಬ್ಬಸ ಮತ್ತೆ ಮತ್ತೆ ಬಂದರೆ ಡಾಕ್ಟರಿಗೆ ತೋರಿಸೋದು.