ಚಿಕ್ಕಮ್ಮನನ್ನು ಮೊದಲ ಪುಟಕ್ಕೆ ತನ್ನಿ

ಪ್ರೀತಿಯ ಲೇಖಕಿಗೆ,

ಉಡುಪಿಯಿಂದ ನೀವು ಕಳಿಸಿದ ‘ಬೊಜ್ಜಿಗೆ ಮದ್ದು ಕಂಡುಹಿಡಿದ ಕಂಪ್ಯೂಟರ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಿಕ್ಕೆ ಆಗುವುದಿಲ್ಲ. ಆದರೆ ಬಿಟ್ಟುಬಿಡಬೇಡಿ. ತಿದ್ದಿ ಕಳಿಸಿ, ನನಗೆ ಇದು ಬೇಕು.

ತೊಂದರೆ ತಲೆಬರಹದಲ್ಲೇ ಇದೆ. 2025ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಬಿಆರ್‌ಪಿ ಎಂಬ ಪೆಪ್ಟೈಡ್, ಅಂದರೆ ಪ್ರೋಟೀನಿನ ಸಣ್ಣ ತುಣುಕಿನ ಬಗ್ಗೆ ‘ಕ್ಷಣಾರ್ಧದಲ್ಲಿ ಸಿಕ್ಕಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಜವಾದ ಕಥೆ ಇದ್ದದ್ದೇ ಅಲ್ಲಿ, ಅಲ್ವಾ? ನಮ್ಮ ದೇಹ ದೊಡ್ಡ ಪ್ರೋಟೀನುಗಳನ್ನು ಕತ್ತರಿಸಿ ಸಣ್ಣ ಹಾರ್ಮೋನುಗಳನ್ನು ಮಾಡಿಕೊಳ್ಳುತ್ತದೆ. ಆ ಕತ್ತರಿ ಎಲ್ಲೆಲ್ಲಿ ಬೀಳಬಹುದು ಎಂದು ಅವರ ಪ್ರೋಗ್ರಾಂ ಸುಮಾರು 20,000 ಜೀನ್‌ಗಳನ್ನು ಜಾಲಾಡಿತು. 2,683 ತುಣುಕುಗಳ ಪಟ್ಟಿ ಕೊಟ್ಟಿತು. ಕಂಪ್ಯೂಟರಿನ ಕೆಲಸ ಅಲ್ಲಿಗೆ ಮುಗಿಯಿತು. ಅದರಲ್ಲಿ 100ನ್ನು ಆರಿಸಿ, ಲ್ಯಾಬಿನಲ್ಲಿ ಬೆಳೆಸಿದ ನರಕೋಶಗಳ ಮೇಲೆ ಹಾಕಿ ನೋಡಿದ್ದು ಮನುಷ್ಯರು. ಕೊನೆಗೆ ಎದ್ದು ಕಂಡದ್ದು 12 ಅಮೈನೋ ಆಮ್ಲಗಳ (ಪ್ರೋಟೀನಿನ ಇಟ್ಟಿಗೆಗಳು ಇವು) ಒಂದು ಚೂರು, ಅದೇ ಬಿಆರ್‌ಪಿ. ಇಲಿಗಳಲ್ಲೂ ಸಣ್ಣ ಜಾತಿಯ ಹಂದಿಗಳಲ್ಲೂ ಅದು ಹಸಿವು ತಗ್ಗಿಸಿತು. ಮನುಷ್ಯರ ಮೇಲೆ ಮಾಡಿದ ಪರೀಕ್ಷೆ ಆ ಪ್ರಬಂಧದಲ್ಲಿ ಇಲ್ಲ. ನೀವು ‘ಮದ್ದು ಸಿಕ್ಕಿತು’ ಎಂದು ಬರೆದರೆ ನಾಳೆಯೇ ಮೆಡಿಕಲ್ ಶಾಪಿನಲ್ಲಿ ಕೇಳುವವರಿದ್ದಾರೆ.

ಇಲಿಯಿಂದ ಮನುಷ್ಯರಿಗೆ ಬರುವಾಗ ಏನಾಗುತ್ತದೆ ಎನ್ನುವುದಕ್ಕೆ ರಿಮೊನಬಾಂಟ್ ಉದಾಹರಣೆ ಕೊಡಿ. 2006ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದ ಬೊಜ್ಜಿನ ಮಾತ್ರೆ ಅದು. ತೆಗೆದುಕೊಂಡವರಲ್ಲಿ ಖಿನ್ನತೆ ಜಾಸ್ತಿಯಾಯಿತು, 2008ರಲ್ಲಿ ಮಾರಾಟ ನಿಲ್ಲಿಸಿದರು.

ಆಲ್ಫಾಫೋಲ್ಡ್, 2024ರ ನೊಬೆಲ್ ಇರುವ ಪ್ಯಾರಾ ತೆಗೆಯಿರಿ. ಅದು ಪ್ರೋಟೀನಿನ ಆಕಾರ ಊಹಿಸುವ ಸಾಧನ, ಬೇರೆಯೇ ವಿಷಯ. ಸುಮ್ನೆ ಭಾರ.

ಇನ್ನೊಂದು ಮಾತು. ಎರಡನೇ ಪುಟದಲ್ಲಿ ಬೊಜ್ಜನ್ನು ‘ಬಾಯಿ ಕಟ್ಟಲಾರದವರ ಕಾಯಿಲೆ’ ಎಂದಿದ್ದೀರಿ. ಹಸಿವನ್ನು ಹಾರ್ಮೋನು ಆಡಿಸುತ್ತದೆ ಎಂದು ನಾಲ್ಕನೇ ಪುಟದಲ್ಲಿ ನೀವೇ ವಿವರಿಸಿದ್ದೀರಿ. ಹಾಗಿರುವಾಗ ಈ ಮಾತು ಯಾಕೆ? ಓದಿ ನನಗೆ ನೋವಾಯಿತು. ಯಾಕೆಂದರೆ ಆರನೇ ಪುಟದಲ್ಲಿ ನಿಮ್ಮ ಚಿಕ್ಕಮ್ಮ ಇದ್ದಾರೆ. ಮಣಿಪಾಲದ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲಿಟ್ಟು, ಕಂಬಿ ಹಿಡಿದು, ಒಂದು ಉಸಿರು ಎಳೆದುಕೊಳ್ಳುತ್ತಾರೆ. ಕಂಡಕ್ಟರ್ ‘ಬೇಗ ಬೇಗ’ ಎನ್ನುತ್ತಾನೆ. ಆ ನಾಲ್ಕು ಸಾಲು ಬರೆದ ಕೈ ಇಡೀ ಲೇಖನವನ್ನು ಬರೆಯಬಲ್ಲದು. ಅಲ್ಲಿಂದಲೇ ಶುರು ಮಾಡಿ.

ಚಿಕ್ಕಮ್ಮನ ಒಪ್ಪಿಗೆ ಕೇಳಿ. ತಿದ್ದಿದ ಮೇಲೆ ಅವರಿಗೇ ಮೊದಲು ಓದಿ ಹೇಳಿ. ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಮಂಗಳೂರಿಗೆ ಬನ್ನಿ. ಕೂತು ನೋಡೋಣ.

ಸಂಪಾದಕ