ಮಗನ ಚಿಂತೆ, ಮಗಳ ಪ್ರಶ್ನೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

47 ವರ್ಷದ ಸರ್ಕಾರಿ ಶಾಲೆ ಮೇಷ್ಟ್ರು, ಹಾಸನದ ಕಡೆಯವರು. ಹೆಂಡತಿ, ಬಿ.ಎಡ್. ಓದುತ್ತಿರುವ ಮಗಳು, ಪಿಯುಸಿಯ ಮಗ ಜೊತೆಗಿದ್ದರು. ಬೇರೆ ಕಡೆ ಯಾರೋ "ಮೋಟಾರ್ ನ್ಯೂರಾನ್ (ಸ್ನಾಯು ಆಡಿಸುವ ನರಕೋಶ) ಕಾಯಿಲೆ, ಮೂರು ವರ್ಷ ಕಳೆದರೆ ಹೆಚ್ಚು" ಅಂದುಬಿಟ್ಟಿದ್ದರಂತೆ. ಆಮೇಲೆ ಇನ್ನೊಬ್ಬ ನರರೋಗ ತಜ್ಞರಿಗೆ ಅನುಮಾನ ಬಂದು ಜೀನ್ ಪರೀಕ್ಷೆ ಮಾಡಿಸಿದರು. ಬಂದದ್ದು ಕೆನಡಿ ಕಾಯಿಲೆ. ರಿಪೋರ್ಟನ್ನು ಅರ್ಥ ಮಾಡಿಸಿ ಎಂದು ನನ್ನ ಹತ್ತಿರ ಕಳಿಸಿದ್ದರು.

ಹತ್ತು ವರ್ಷದಿಂದ ಮೇಷ್ಟ್ರಿಗೆ ರಾತ್ರಿ ಮೀನಖಂಡ ಸೆಟೆದುಕೊಳ್ಳುತ್ತಿತ್ತು. ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಕ. ತೊಡೆ, ತೋಳು ಸೊರಗಿ ಈಗ ಮೆಟ್ಟಿಲು ಹತ್ತಲು ಕಂಬಿ ಬೇಕು. ಮಾತಾಡುವಾಗ ಗದ್ದದ ಚರ್ಮದ ಕೆಳಗೆ ಸಣ್ಣ ಹುಳು ಹರಿದ ಹಾಗೆ ಅದುರುತ್ತಿತ್ತು. ಇನ್ನೊಂದು ವಿಷಯವನ್ನು ಹೆಂಡತಿ ಮಕ್ಕಳು ಹೊರಗೆ ಹೋದ ಮೇಲೆ ಹೇಳಿದರು. ಎದೆ ಉಬ್ಬಿದೆ. ಸೆಕೆಗಾಲದಲ್ಲೂ ಮನೆಯವರ ಮುಂದೆ ಬನಿಯನ್ ಬಿಚ್ಚುವುದಿಲ್ಲ. "ಇದನ್ನ ಡಾಕ್ಟರಿಗೂ ಹೇಳಿಲ್ಲ ಮೇಡಂ" ಎಂದರು. ಆದರೆ ಈ ಕಾಯಿಲೆಗೆ ಅದೇ ದೊಡ್ಡ ಸುಳಿವು.

ವಿಲಿಯಂ ಕೆನಡಿ ಎಂಬ ಅಮೆರಿಕದ ವೈದ್ಯರು ಇದನ್ನು ವಿವರಿಸಿದ್ದು 1968ರಲ್ಲಿ. ಕಾರಣವಾದ ಜೀನ್ ಸಿಕ್ಕಿದ್ದು 1991ರಲ್ಲಿ. ಗಂಡು ಹಾರ್ಮೋನಿನ ಸಂದೇಶ ಹಿಡಿಯುವ ಪ್ರೋಟೀನಿನ ಜೀನ್ ಅದು, ಎಕ್ಸ್ ಕ್ರೋಮೋಸೋಮಿನಲ್ಲಿದೆ. ಅದರಲ್ಲಿ ಸಿಎಜಿ ಎಂಬ ಮೂರಕ್ಷರದ ತುಣುಕು ಸಾಲಾಗಿ ಬರುತ್ತದೆ. ಎಲ್ಲರಲ್ಲೂ ಬರುತ್ತದೆ. 34ರವರೆಗೆ ಇದ್ದರೆ ಏನೂ ತೊಂದರೆಯಿಲ್ಲ, 38 ಮುಟ್ಟಿದರೆ ಕಾಯಿಲೆ. ಮೇಷ್ಟ್ರದ್ದು 45. ಹೀಗೆ ಉದ್ದವಾದ ಪ್ರೋಟೀನಿಗೆ ಟೆಸ್ಟೋಸ್ಟೆರಾನ್ ಅಂಟಿದಾಗ ಅದು ನರಕೋಶವನ್ನು ನಿಧಾನವಾಗಿ ಕೆಡಿಸುತ್ತದೆ. ನರ ಸತ್ತ ಕಡೆ ಸ್ನಾಯು ಸೊರಗುತ್ತದೆ. ಗಂಡಸರನ್ನೇ ಕಾಡುವುದು ಇದಕ್ಕೇ. ಹಾರ್ಮೋನಿನ ಸಂದೇಶ ಸರಿಯಾಗಿ ತಲುಪದೆ ಎದೆಯೂ ಉಬ್ಬುತ್ತದೆ.

ಆಮೇಲೆ ವಂಶದ ನಕ್ಷೆ ಬರೆದೆವು. ಮೇಷ್ಟ್ರ ಸೋದರಮಾವನ ಹೆಸರು ಬಂದಾಗ ಹೆಂಡತಿ ತಟ್ಟನೆ, "ಅವರಿಗೂ ವಾತ ಇತ್ತಲ್ಲಾ, ಕೋಲು ಹಿಡಿದು ನಡೀತಿದ್ರು" ಎಂದರು. ಎಷ್ಟು ವರ್ಷ ಬದುಕಿದ್ದರು? 76. ಇದು ಎಲ್ಲರ ಕಿವಿಗೆ ಬೀಳಲಿ ಎಂದು ಇನ್ನೊಮ್ಮೆ ಕೇಳಿದೆ. ಮೂರು ವರ್ಷದ ಮಾತು ಎಎಲ್ಎಸ್ ಎಂಬ ಬೇರೊಂದು ಮೋಟಾರ್ ನ್ಯೂರಾನ್ ಕಾಯಿಲೆಯದು. ಕೆನಡಿ ದಶಕಗಟ್ಟಲೆ ನಿಧಾನವಾಗಿ ಏರುವ ಕಾಯಿಲೆ. ಆಯಸ್ಸು ಹೆಚ್ಚುಕಡಿಮೆ ಎಲ್ಲರಷ್ಟೇ.

"ಹಾಗಾದ್ರೆ ನಮ್ಮತ್ತೆ ಕಡೆಯಿಂದ ಬಂತು ಅಲ್ವಾ?" ಎಂದರು ಹೆಂಡತಿ. ಹೌದು, ಅವರಿಗೆ ಅವರಮ್ಮನಿಂದ ಬಂದಿರಬೇಕು. ಯಾರೂ ಕೇಳಿ ತಗೊಂಡಿದ್ದಲ್ಲ. ದೋಷ ಪರಿಹಾರಕ್ಕೆ ಆಗಲೇ ಸಾಕಷ್ಟು ಖರ್ಚಾಗಿತ್ತು. ಅದಕ್ಕೆ ನಾನೇನೂ ಹೇಳಲಿಲ್ಲ. ಅತ್ತೆಯ ಮುಂದೆ ಈ ಮಾತು ಆಡಬೇಡಿ ಎಂದಷ್ಟೇ ಕೇಳಿಕೊಂಡೆ.

ಮನೆಯವರೆಲ್ಲ ಹೆದರಿದ್ದು ಮಗನಿಗೆ. ಗಂಡಸರಿಗೆ ಬರುವ ಕಾಯಿಲೆ ಅಂದಮೇಲೆ ಮುಂದೆ ಅವನೇ ಅಂತ. ಆದರೆ ಅಪ್ಪ ಮಗನಿಗೆ ಕೊಡುವುದು ವೈ ಕ್ರೋಮೋಸೋಮು. ಈ ಜೀನ್ ಅವನಿಗೆ ಬಂದೇ ಇಲ್ಲ, ಪರೀಕ್ಷೆಯೂ ಬೇಡ. ಬಂದಿರುವುದು ಮಗಳಿಗೆ, ಖಂಡಿತವಾಗಿ; ಅಪ್ಪನ ಒಂದೇ ಒಂದು ಎಕ್ಸ್ ಹೋಗುವುದು ಅವಳಿಗೆ. ಅವಳಿಗೆ ಹೆಚ್ಚೆಂದರೆ ಸ್ವಲ್ಪ ಸೆಳೆತ, ನಡುಕ ಕಾಣಬಹುದು. ಅವಳಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆಯ ಸಾಧ್ಯತೆ ಅರ್ಧಕ್ಕರ್ಧ.

ಆಗ ಹೊರಬಂದದ್ದು ನಿಜವಾದ ಸಂಕಟ. ಮಗಳಿಗೆ ಅತ್ತೆ ಮಗನ ಜೊತೆ ಮಾತಾಗಿದೆ. ಮೇಷ್ಟ್ರ ಅಕ್ಕನ ಮಗ, 27 ವರ್ಷ, ಗಟ್ಟಿಮುಟ್ಟಾಗಿದ್ದಾನೆ. ಅಕ್ಕನಿಗೆ ಈ ಜೀನ್ ಬಂದಿರುವ ಸಾಧ್ಯತೆ ಅರ್ಧ, ಅವನಿಗೆ ಕಾಲು ಭಾಗ. 27ಕ್ಕೆ ಗಟ್ಟಿಮುಟ್ಟಾಗಿದ್ದರೆ ಬಂದಿಲ್ಲ ಅಂತಲ್ಲ, ಸಾಮಾನ್ಯವಾಗಿ ಇದು ಮುಖ ತೋರಿಸುವುದೇ 30 ದಾಟಿದ ಮೇಲೆ.

"ಅವನನ್ನೇ ಮದುವೆಯಾದ್ರೆ ಮಕ್ಕಳಿಗೆ ಇನ್ನೂ ಜಾಸ್ತಿ ಅಪಾಯನಾ?" ಎಂದಳು ಮಗಳು. ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಈ ಕಾಯಿಲೆಯ ಮಟ್ಟಿಗೆ ಗಂಡುಮಕ್ಕಳ ಅಪಾಯ ಬದಲಾಗುವುದಿಲ್ಲ. ಅವರಿಗೆ ಎಕ್ಸ್ ಬರುವುದು ಅಮ್ಮನಿಂದಲೇ, ಅಪ್ಪ ಯಾರಾದರೂ ಅಷ್ಟೇ. ಹೆಣ್ಣುಮಕ್ಕಳಿಗೆ ಎರಡೂ ಕಡೆಯಿಂದ ಬರಬಹುದು. ಹಾಗೆ ಬಂದರೂ ಹೆಂಗಸರಲ್ಲಿ ತೊಂದರೆ ಕಡಿಮೆಯೇ. ಸಂಬಂಧದಲ್ಲಿ ಮದುವೆಯಾದರೆ ಬೇರೆ ಕೆಲವು ಕಾಯಿಲೆಗಳ ಅಪಾಯ ಇದ್ದೇ ಇದೆ. ಆದರೆ ಇಲ್ಲಿ ಮೊದಲು ಯೋಚಿಸಬೇಕಾದದ್ದು ಹುಡುಗನಿಗೇ ಮುಂದೆ ಬರುತ್ತದಾ ಅನ್ನುವುದು. ಅದು ಅವನ ರಕ್ತ, ಅವನ ನಿರ್ಧಾರ. ಆರೋಗ್ಯ ತಪಾಸಣೆ ಅಂತ ಸುಳ್ಳು ಹೇಳಿ ಪರೀಕ್ಷೆ ಮಾಡಿಸೋಣ ಎಂದು ಹೆಂಡತಿ ಸೂಚಿಸಿದರು. ಸಾಧ್ಯವಿಲ್ಲ ಎಂದೆ. ಅಕ್ಕ ಒಪ್ಪಿದರೆ ಮೊದಲು ಅವರದ್ದು ನೋಡಬಹುದು. ಅವರಲ್ಲಿ ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

ಮೇಷ್ಟ್ರಿಗೆ ಹೇಳಿದ್ದು: ಶಕ್ತಿ ಬರುತ್ತದೆ ಅಂತ ಹಾರ್ಮೋನ್ ಇಂಜೆಕ್ಷನ್ನು, ಹೆಸರು ಗೊತ್ತಿಲ್ಲದ ಪುಡಿ ಮುಟ್ಟಬೇಡಿ. ಟೆಸ್ಟೋಸ್ಟೆರಾನ್ ಈ ಕಾಯಿಲೆಗೆ ತುಪ್ಪ ಸುರಿದ ಹಾಗೆ. ಅದನ್ನು ತಗ್ಗಿಸುವ ಲ್ಯೂಪ್ರೊರೆಲಿನ್ ಔಷಧಿಗೆ ಜಪಾನಿನಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ಅದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ನಿಮಗೆ ಬೇಕಾ ಎಂಬುದನ್ನು ನರರೋಗ ತಜ್ಞರ ಹತ್ತಿರ ಕೂತು ಮಾತಾಡಿ. ಎದೆಯ ವಿಷಯವನ್ನೂ ಅಲ್ಲೇ ಹೇಳಿ. ನೆಟ್ಟಗೆ ಕೂತು ಊಟ ಮಾಡಿ, ತುತ್ತು ಬಾಯಲ್ಲಿರುವಾಗ ಮಾತು ಬೇಡ. ನೀರು ಕುಡಿದಾಗ ಪದೇ ಪದೇ ಕೆಮ್ಮು ಬಂದರೆ ನುಂಗುವ ಪರೀಕ್ಷೆ ಮಾಡಿಸಿ.

ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಮೇಷ್ಟ್ರು ಶಾಲೆಯಲ್ಲಿ ಏನೂ ಹೇಳಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಓದಿ ತೋರಿಸಿದೆ. ಸೇವೆಯಲ್ಲಿರುವಾಗ ಅಂಗವಿಕಲತೆ ಬಂದರೆ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅವರೇ ಆ ಸಾಲನ್ನು ನಿಧಾನವಾಗಿ ಡೈರಿಯಲ್ಲಿ ಬರೆದುಕೊಂಡರು, ನಡುಗುವ ಅಕ್ಷರದಲ್ಲಿ.

ಮುಂದಿನ ಸಲ ಬಂದಾಗ ಅವರ ತರಗತಿ ನೆಲಮಹಡಿಗೆ ಬಂದಿತ್ತು. ಅಕ್ಕ ಪರೀಕ್ಷೆಗೆ ಒಪ್ಪಿಲ್ಲ, ತಮ್ಮನ ಮನೆಗೆ ಬರುವುದನ್ನೂ ಬಿಟ್ಟಿದ್ದಾರೆ. ಹುಡುಗ ಮಾತ್ರ ಒಬ್ಬನೇ ಬಂದು ಎಲ್ಲ ಕೇಳಿಕೊಂಡು ಹೋದ. ತಿಳಿದುಕೊಳ್ಳಬೇಕಾ ಬೇಡವಾ ಎಂದು ಯೋಚಿಸಲು ಸಮಯ ಬೇಕಂತೆ. ತಗೋ, ಅವಸರವಿಲ್ಲ ಎಂದಿದ್ದೇನೆ. ಹುಡುಗಿಯೂ ಬಿ.ಎಡ್. ಮುಗಿಯುವವರೆಗೆ ಮದುವೆ ಮಾತು ಬೇಡ ಅಂದಿದ್ದಾಳೆ.