ಸಭೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ

ಅಮೆರಿಕದ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಕೆಲಸ ನನ್ನದು. ಇದು ಒಬ್ಬರ ಕತೆಯಾದರೂ ಇಂಥವರು ನನ್ನ ಹತ್ತಿರ ಪ್ರತಿ ಸೆಮಿಸ್ಟರ್ ಬರುತ್ತಾರೆ. ಮೂವತ್ತೈದು, ನಲವತ್ತರ ಆಸುಪಾಸಿನ ಹೆಂಗಸರು. ಊರಲ್ಲಿ ಡಿಗ್ರಿ ಮುಗಿಸಿ, ಮದುವೆಯಾಗಿ, ಗಂಡನ ಎಚ್-1ಬಿ ಕೆಲಸದ ವೀಸಾದ ಹಿಂದೆ ಎಚ್-4ರಲ್ಲಿ, ಅಂದರೆ ಸಂಗಾತಿಗೆ ಕೊಡುವ ವೀಸಾದಲ್ಲಿ, ಅಮೆರಿಕಕ್ಕೆ ಬಂದವರು. ಮಕ್ಕಳು ಸ್ಕೂಲಿಗೆ ಹೋಗೋಕೆ ಶುರುಮಾಡಿದ ಮೇಲೆ ಮನೆ ಹತ್ತಿರದ ಕಮ್ಯೂನಿಟಿ ಕಾಲೇಜಿಗೆ ಸೇರುತ್ತಾರೆ. "ಮೇಡಂ, ಕ್ಲಾಸ್ ಬಿಟ್ರೆ ಬೇರೆ ಏನೂ ಬೇಡ. ಕ್ಲಬ್ಬು, ಸಂಘ ಎಲ್ಲ ಹುಡುಗರಿಗೆ" ಅನ್ನುವುದು ಹೆಚ್ಚುಕಮ್ಮಿ ಎಲ್ಲರ ಮೊದಲ ಮಾತು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಹೆಸರು ಹೇಳುವುದಿಲ್ಲ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ 116 ಕಮ್ಯೂನಿಟಿ ಕಾಲೇಜುಗಳಿವೆ. ಪ್ರವೇಶ ಪರೀಕ್ಷೆ ಇಲ್ಲ. ಈ ರಾಜ್ಯದ ನಿವಾಸಿ ಅಂತ ಲೆಕ್ಕಕ್ಕೆ ಬಂದವರಿಗೆ ಯೂನಿಟ್ಟಿಗೆ 46 ಡಾಲರ್ ಫೀಸು (ಒಂದೊಂದು ಕ್ಲಾಸಿಗೂ ಇಷ್ಟು ಯೂನಿಟ್ ಅಂತ ಇರುತ್ತದೆ). ಎರಡು ವರ್ಷ ಓದಿ ಯೂನಿವರ್ಸಿಟಿಗೆ ಹೋಗಬಹುದು, ಇಲ್ಲಾ ಒಂದು ಸರ್ಟಿಫಿಕೇಟ್ ತಗೊಂಡು ಕೆಲಸ ಹುಡುಕಬಹುದು. ಹೆಚ್ಚಿನ ಕಡೆ ಹಾಸ್ಟೆಲ್ ಇಲ್ಲ. ಹಾಗಾಗಿ ಕಾಲೇಜು ಒಂಥರಾ ಬಸ್ ಸ್ಟ್ಯಾಂಡ್ ಇದ್ದ ಹಾಗೆ: ಬಂದರು, ಹೋದರು. ಕ್ಲಾಸ್ ಮುಗಿದರೆ ನೇರ ಪಾರ್ಕಿಂಗ್ ಲಾಟ್. ಪಕ್ಕದಲ್ಲಿ ಕೂತವರ ಹೆಸರು ಸೆಮಿಸ್ಟರ್ ಮುಗಿದರೂ ಗೊತ್ತಿರುವುದಿಲ್ಲ.

ಈಕೆ ಸಂಜೆ ಕ್ಲಾಸಿನವರು. ಅಕೌಂಟಿಂಗ್, ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್. ಎಲ್ಲದರಲ್ಲೂ ಎ ಬರುತ್ತಿತ್ತು. ನನ್ನ ಹತ್ತಿರ ಬಂದದ್ದು ಬೇರೆ ಕಾರಣಕ್ಕೆ. ನಿದ್ದೆ ಇಲ್ಲ, ಮನೆಯಲ್ಲಿ ಸಿಡುಕು, ವಾರಗಟ್ಟಲೆ ಮನೆಯವರನ್ನು ಬಿಟ್ಟು ಯಾರ ಜೊತೆಗೂ ಮಾತಿಲ್ಲ. ಮೊದಲ ಸಲ ಬಂದಾಗ ತಮ್ಮ ಸುದ್ದಿಗಿಂತ ಜಾಸ್ತಿ ಕಾಲೇಜಿನ ಪ್ಯಾಂಟ್ರಿ ಸುದ್ದಿ ಹೇಳಿದರು. ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ಅಕ್ಕಿ, ಹಾಲು, ತರಕಾರಿ ಪುಕ್ಕಟೆ ಸಿಗುವ ಕೋಣೆ ಅದು. ನಾಲ್ಕು ಗಂಟೆಗೇ ಬಾಗಿಲು ಹಾಕುತ್ತದೆ. ಇವರ ಕ್ಲಾಸಿನಲ್ಲಿ ಹಗಲೆಲ್ಲ ದುಡಿದು ಆರಕ್ಕೆ ಬರುವವರಿದ್ದಾರೆ. ಅವರಿಗೆ ಅದು ಇದ್ದೂ ಇಲ್ಲ.

"ಇದನ್ನ ವಿದ್ಯಾರ್ಥಿ ಸೆನೆಟ್ ಸಭೆಯಲ್ಲಿ ಹೇಳಿ" ಅಂದೆ. ವಿದ್ಯಾರ್ಥಿಗಳೇ ಆರಿಸಿದ ಪ್ರತಿನಿಧಿಗಳ ಮಂಡಳಿ ಅದು. "ಸದಸ್ಯರೇ ಆಗಿರಬೇಕು ಅಂತಿಲ್ಲ. ಸಾರ್ವಜನಿಕರ ಮಾತಿಗೆ ಅಂತ ಶುರುವಿನಲ್ಲೇ ಸಮಯ ಇಟ್ಟಿರುತ್ತಾರೆ." ಒಪ್ಪಲಿಲ್ಲ. ಊರಿನ ಕಾಲೇಜಿನಲ್ಲಿ ಅವರು ಚುನಾವಣೆ ನೋಡಿದವರೇ ಅಲ್ಲ, ಕರ್ನಾಟಕದ ಕಾಲೇಜುಗಳಲ್ಲಿ ಅದು ನಿಂತು ದಶಕಗಳಾದವು. ಅವರ ಕಾಲೇಜಲ್ಲಿ ಕ್ಲಾಸ್ ರೆಪ್ ಅಂದರೆ ಫಸ್ಟ್ ರ‍್ಯಾಂಕಿನವರು, ಲೆಕ್ಚರರ್ ಹೇಳಿದ್ದನ್ನು ಕ್ಲಾಸಿಗೆ ಮುಟ್ಟಿಸುವವರು. ಮೇಲಿನವರನ್ನು ಪ್ರಶ್ನೆ ಕೇಳುವುದು ಆ ಕೆಲಸದಲ್ಲಿ ಇರಲೇ ಇಲ್ಲ. ಆದರೂ ಆ ವಾರ ಹೋಗಿಬಂದರು.

ಮುಂದಿನ ಸಲ ನನ್ನ ಮುಂದೆ ಕೂತಾಗ ಮುಖ ಬಿಗಿದಿತ್ತು. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಇಟ್ಟರು. ಹೇಳಬೇಕಾದದ್ದನ್ನು ಪೂರಾ ಬರೆದುಕೊಂಡಿದ್ದರು. ಇಂಗ್ಲಿಷ್ ವಾಕ್ಯಗಳು, ಆದರೆ ಕನ್ನಡ ಅಕ್ಷರದಲ್ಲಿ. "ಗುಡ್ ಆಫ್ಟರ್‌ನೂನ್ ಸೆನೆಟರ್ಸ್, ಐ ಆಮ್ ಆನ್ ಈವ್ನಿಂಗ್ ಸ್ಟೂಡೆಂಟ್." ಎಲ್ಲಿ ಒತ್ತಿ ಹೇಳಬೇಕೋ ಅಲ್ಲಿ ಕೆಂಪು ಗೆರೆ. ಎಲ್ಲಿ ಉಸಿರು ತಗೊಳ್ಳಬೇಕೋ ಅಲ್ಲಿ ಓರೆ ಗೀಟು.

"ಮೂರು ನಿಮಿಷ ಮಾತಾಡಿದೆ ಮೇಡಂ. ಎಲ್ಲೂ ತಡವರಿಸಲಿಲ್ಲ. ಆಮೇಲೆ ಯಾರೂ ಒಂದು ಮಾತೂ ಆಡಲಿಲ್ಲ. ಸಭೆ ನಡೆಸ್ತಿದ್ದ ಹುಡುಗಿ ಥ್ಯಾಂಕ್ಯೂ ಅಂದ್ಲು, ನೆಕ್ಸ್ಟ್ ಅಂದ್ಲು. ಆಮೇಲೆ ಟೀ ಶರ್ಟ್ ಬಣ್ಣ ಯಾವುದು ಅಂತ ಅಷ್ಟೊತ್ತು ಚರ್ಚೆ ಮಾಡಿದ್ರು. ನನ್ನ ಇಂಗ್ಲಿಷ್ ಅವರಿಗೆ ಅರ್ಥ ಆಗಿರಲ್ಲ. ಇಲ್ಲಾ, ಈ ಆಂಟಿ ಯಾಕೆ ಬಂದ್ಲು ಅಂದ್ಕೊಂಡಿರ್ತಾರೆ."

ಕಣ್ಣಲ್ಲಿ ನೀರಿತ್ತು. ನಾನು ಸಮಾಧಾನ ಹೇಳಲಿಲ್ಲ. ಕಂಪ್ಯೂಟರ್ ಅವರ ಕಡೆ ತಿರುಗಿಸಿ ಆ ಸಭೆಯ ಅಜೆಂಡಾ ತೆಗೆದೆ. "ಇದರಲ್ಲಿ ಪ್ಯಾಂಟ್ರಿ ಎಲ್ಲಿದೆ ತೋರಿಸಿ" ಅಂದೆ. ಮೇಲಿಂದ ಕೆಳಗೆ ಹುಡುಕಿದರು. ಇರಲಿಲ್ಲ. ಟೀ ಶರ್ಟ್ ಇತ್ತು.

ವಿಷಯ ಇಷ್ಟೇ. ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯ್ದೆ ಅಂತ ಒಂದಿದೆ. ನಗರಸಭೆ, ಶಾಲಾ ಮಂಡಳಿಗಳಿಗೆ ಇರುವ ಅದೇ ಕಾಯ್ದೆ ಕಮ್ಯೂನಿಟಿ ಕಾಲೇಜಿನ ವಿದ್ಯಾರ್ಥಿ ಸೆನೆಟ್ಟಿಗೂ ಅನ್ವಯಿಸುತ್ತದೆ. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಎಲ್ಲರಿಗೂ ಕಾಣುವ ಹಾಗೆ ಅಂಟಿಸಬೇಕು. ಅದರಲ್ಲಿ ಇಲ್ಲದ ವಿಷಯವನ್ನು ಚರ್ಚೆ ಮಾಡುವಂತಿಲ್ಲ, ತೀರ್ಮಾನ ತಗೊಳ್ಳುವಂತಿಲ್ಲ. ಯಾರಾದರೂ ಎದ್ದು ಮಾತಾಡಿದರೆ ಚುಟುಕಾಗಿ ಒಂದು ಮಾತು ಹೇಳಬಹುದು, ಅಷ್ಟೇ. ಆ ಹುಡುಗರು ಅದನ್ನೂ ಹೇಳಲಿಲ್ಲ. ಹತ್ತೊಂಬತ್ತು, ಇಪ್ಪತ್ತರ ಮಕ್ಕಳು, ನಿಯಮ ಎಲ್ಲಿ ತಪ್ಪೀತೋ ಅಂತ ಹೆದರಿರುತ್ತಾರೆ.

ಅವರು ತುಂಬಾ ಹೊತ್ತು ಆ ಪರದೆಯನ್ನೇ ನೋಡಿದರು. ಆಮೇಲೆ ಕೇಳಿದರು: "ಹಾಗಾದ್ರೆ ನಾನು ಕೆಟ್ಟದಾಗಿ ಮಾತಾಡಿರಲಿಲ್ವಾ?"

ಈ ಪ್ರಶ್ನೆಗಾಗಿಯೇ ಈ ಪ್ರಕರಣ ಬರೆಯುತ್ತಿದ್ದೇನೆ. ಎಷ್ಟೋ ವರ್ಷದಿಂದ ಈಕೆ ಈ ದೇಶದ ಪ್ರತಿಯೊಂದು ಮೌನವನ್ನೂ ತನ್ನ ಇಂಗ್ಲಿಷ್‌ನ ತಪ್ಪು ಅಂತ ಲೆಕ್ಕ ಹಾಕಿಕೊಂಡು ಬಂದಿದ್ದರು. ಅಂಗಡಿಯಲ್ಲಿ, ಮಕ್ಕಳ ಸ್ಕೂಲಿನಲ್ಲಿ, ಡಾಕ್ಟರ ಹತ್ತಿರ. ಅದರಲ್ಲಿ ನಿಜವಾದ ಅವಮಾನವೂ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟು ಅವಮಾನ, ಎಷ್ಟು ನಿಯಮ ಅಂತ ಬೇರೆ ಮಾಡಿ ನೋಡುವ ದಾರಿ ಅವರಿಗೆ ಸಿಕ್ಕಿರಲಿಲ್ಲ. ಕ್ಲಾಸಿನಲ್ಲಿ ಎ ಬಂದರೆ ಅದು ಗೊತ್ತಾಗುವುದಿಲ್ಲ. ಸಭೆಯ ಒಳಗೆ ಕೂತರೆ ಗೊತ್ತಾಗುತ್ತದೆ.

ಹಾಗಾಗಿ ಮೂರು ಸಲಹೆ ಕೊಟ್ಟೆ. ಒಂದು, ಪ್ಯಾಂಟ್ರಿ ವಿಷಯವನ್ನು ಅಜೆಂಡಾಕ್ಕೆ ಸೇರಿಸಿ ಅಂತ ಸೆನೆಟ್ ಅಧ್ಯಕ್ಷೆಗೆ ಬರವಣಿಗೆಯಲ್ಲಿ ಕೇಳಿ. ಎರಡನೆಯದು, ಸೆನೆಟರ್ ಸೀಟು ಖಾಲಿ ಇದೆ, ಅರ್ಜಿ ಹಾಕಿ. ಅಧ್ಯಕ್ಷ, ಉಪಾಧ್ಯಕ್ಷ ಎಲ್ಲ ಸದ್ಯಕ್ಕೆ ಬೇಡ. ಮೂರನೆಯದಕ್ಕೆ ಬೈಸಿಕೊಂಡೆ: ಸೆನೆಟ್ಟಿಗೆ ಸಮಯ ಸಿಗುವ ಹಾಗೆ ಮುಂದಿನ ಸೆಮಿಸ್ಟರ್ ಮೂರರ ಬದಲು ಎರಡೇ ಕ್ಲಾಸ್ ತಗೊಳ್ಳಿ. ಸೆನೆಟ್ಟಿನಲ್ಲಿ ಇರಲು ಕಾನೂನು ಕೇಳುವುದು ಐದು ಯೂನಿಟ್ ಮಾತ್ರ.

ಅವರ ಗಂಡ ನನಗೆ ಫೋನ್ ಮಾಡಿದರು. ಆಕೆಯ ಲಿಖಿತ ಒಪ್ಪಿಗೆ ಇಲ್ಲದೆ ನಾನು ಏನೂ ಮಾತಾಡುವಂತಿಲ್ಲ, ಇಲ್ಲಿನ ಕಾನೂನು ಹಾಗಿದೆ. ಆಮೇಲೆ ಇಬ್ಬರೂ ಜೊತೆಗೆ ಬಂದರು. "ಅಕೌಂಟಿಂಗ್ ಓದಲಿ ಅಂತ ಕಳಿಸಿದ್ದು ಮೇಡಂ, ರಾಜಕೀಯ ಮಾಡಲಿ ಅಂತ ಅಲ್ಲ" ಅಂದರು. ಕೆಟ್ಟ ಮನುಷ್ಯ ಅಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ಇನ್ನೊಂದು ತಡ ಅಂದರೆ ಮೈ ಉರಿಯುತ್ತದೆ. ನನ್ನ ಸಹೋದ್ಯೋಗಿಗಳೂ ಅದೇ ಕೇಳಿದರು: ಡಿಗ್ರಿ ಬೇಗ ಮುಗಿಸೋದಲ್ವಾ ನಮ್ಮ ಕೆಲಸ?

ಹೌದು, ಅದು ನಮ್ಮ ಕೆಲಸ. ಆದರೆ ಎಲ್ಲರಿಗೂ ಒಂದೇ ಅವಸರ ಇಲ್ಲ. ಈಕೆಗೆ ಮಾರ್ಕ್ಸ್ ಸಮಸ್ಯೆ ಆಗಿರಲಿಲ್ಲ. ನಾಳೆ ಕೆಲಸದ ಇಂಟರ್‌ವ್ಯೂನಲ್ಲಿ ಎದುರಿನವರು ಸುಮ್ಮನಾದರೆ ಅಲ್ಲೇ ಕುಸಿದುಬಿಡುತ್ತಿದ್ದರು. ತನ್ನ ಮಾತಿಗೆ ಯಾರಾದರೂ "ಇಲ್ಲ" ಅಂದಾಗ ಕೂತಲ್ಲೇ ಕೂತು ಇನ್ನೊಂದು ಮಾತು ಆಡುವುದು ಪುಸ್ತಕದಿಂದ ಬರುವುದಿಲ್ಲ. ಅದಕ್ಕೆ ಸೋತರೂ ನಷ್ಟವಾಗದ ಜಾಗ ಬೇಕು, ಸೆನೆಟ್ ಅಂಥ ಜಾಗ. ಒಂದು ಸೆಮಿಸ್ಟರ್ ತಡವಾಗುವುದು ಇದಕ್ಕೆ ತೆರುವ ಬೆಲೆ. ಜಾಸ್ತಿ ಅಂತ ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಇಂಥ ಸ್ಥಿತಿಯಲ್ಲಿ ಇರುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿ ಪದಾಧಿಕಾರಿಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ಎಚ್-4ರಲ್ಲಿ ಓದಬಹುದು, ಆದರೆ ಕೆಲಸದ ಪರವಾನಗಿ, ಅಂದರೆ ಇಎಡಿ, ಇಲ್ಲದೆ ದುಡಿಯುವಂತಿಲ್ಲ. ಆ ದುಡ್ಡು ಸಂಬಳ ಅಂತ ಲೆಕ್ಕವಾದರೆ ವೀಸಾಕ್ಕೇ ಕುತ್ತು. ವಲಸೆ ವಕೀಲರನ್ನು ಕೇಳದೆ ಒಂದು ಡಾಲರನ್ನೂ ಮುಟ್ಟಬೇಡಿ. ಈಕೆ ಬರೆದುಕೊಟ್ಟು ಬೇಡ ಅಂದರು.

ಹುಡುಗ ಹುಡುಗಿಯರು ಬಂದು "ಯೂನಿವರ್ಸಿಟಿ ಅರ್ಜಿಗೆ ಯಾವ ಪೋಸ್ಟ್ ಒಳ್ಳೇದು?" ಅಂತ ಕೇಳುವುದೂ ಉಂಟು. ಅವರನ್ನು ನಾನು ವಾಪಸ್ ಕೇಳುವುದು, ನಿಮಗೆ ಈ ಕಾಲೇಜಿನಲ್ಲಿ ಯಾವುದರ ಮೇಲೆ ಸಿಟ್ಟಿದೆ ಅಂತ. ಉತ್ತರ ಇಲ್ಲದಿದ್ದರೆ ಪೋಸ್ಟ್ ಬೇಡ, ಸುಮ್ನೆ ಯಾವುದಾದರೂ ಕ್ಲಬ್ಬಿನ ಲೆಕ್ಕ ಬರೆಯಿರಿ ಅನ್ನುತ್ತೇನೆ. ಕೆಲವರಿಗೆ ಇದು ಇಷ್ಟವಾಗುವುದಿಲ್ಲ.

ಪ್ಯಾಂಟ್ರಿ ವಿಷಯ ಅಜೆಂಡಾಕ್ಕೆ ಬಂತು, ಮುಂದಕ್ಕೆ ಹೋಯಿತು, ಮತ್ತೆ ಬಂತು. ಸಿಬ್ಬಂದಿ ಇಲ್ಲ ಅಂತ ಕಾಲೇಜು ಹೇಳಿತು. ಕೊನೆಗೆ ಬುಧವಾರ ಮಾತ್ರ ಸಂಜೆ ಏಳರವರೆಗೆ ತೆರೆದಿರುತ್ತದೆ ಅಂತಾಯಿತು. ಆಕೆಗೆ ಇದು ಸಾಲದು. ಗುರುವಾರದ ಕ್ಲಾಸಿನವರು ಏನು ಮಾಡಬೇಕು ಅಂತ ಈಗ ಸೆನೆಟರ್ ಆಗಿ ಮತ್ತೆ ಅಜೆಂಡಾಕ್ಕೆ ಹಾಕಿಸಿದ್ದಾರೆ.